ಹಳೆಯ ರೈಫಲ್ಲಿಗೆ ಯಾವ ತೋಟಾ?

ಅಮೆರಿಕದ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಈ ಬಂದೂಕಿನ ಪರಿಚಯ ಇದ್ದೇ ಇರುತ್ತದೆ. ನಾಯಕ ಕುದುರೆಯ ಮೇಲಿದ್ದಾನೆ. ಅವನ ಬಲಗೈ ಬೆರಳುಗಳು ಬಂದೂಕಿನ ಕೆಳಗಿರುವ ಒಂದು ಕಬ್ಬಿಣದ ಕುಣಿಕೆಯೊಳಗಿವೆ. ಕುಣಿಕೆಯನ್ನು ಮುಂದಕ್ಕೆ ತಳ್ಳಿದರೆ ಸುಟ್ಟ ತೋಟಾದ ಖಾಲಿ ಚಿಪ್ಪು ಹೊರಗೆ ಹಾರುತ್ತದೆ; ಹಿಂದಕ್ಕೆ ಎಳೆದರೆ ಹೊಸ ತೋಟಾ ನಳಿಗೆಯ ಬುಡಕ್ಕೆ ಬಂದು ಕೂರುತ್ತದೆ. 1950ರಲ್ಲಿ ಜೇಮ್ಸ್ ಸ್ಟೂವರ್ಟ್ ನಟಿಸಿದ ಚಿತ್ರವೊಂದಕ್ಕೆ ಈ ಬಂದೂಕಿನ ಹೆಸರನ್ನೇ, ‘ವಿಂಚೆಸ್ಟರ್ 73’ ಎಂದು ಇಟ್ಟಿದ್ದರು. 1939ರ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಜಾನ್ ವೇಯ್ನ್ ಗಿರ್ರನೆ ತಿರುಗಿಸುವುದು 1892ರ ಮಾದರಿ. ಕತೆ ನಡೆಯುವುದು ಮಾತ್ರ 1880ರ ಸುಮಾರಿನಲ್ಲಿ! ಚಿತ್ರ ಮಾಡುವವರಿಗೆ ಇಂಥ ಸಣ್ಣಪುಟ್ಟ ತಪ್ಪುಗಳು ಮಾಫಿ. ದೂರದರ್ಶನದವರಾದ ನಾವೂ ಆ ಮಾಫಿಯನ್ನು ಆಗಾಗ ಬಳಸಿಕೊಂಡಿದ್ದೇವೆ.

ಇದಕ್ಕೆ ಲಿವರ್ ಆಕ್ಷನ್ ರೈಫಲ್ ಎಂದು ಹೆಸರು. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಬರುವ ಸನ್ನೆಯೇ ಇಲ್ಲಿಯ ಲಿವರ್. 1860ರಲ್ಲಿ ಟೈಲರ್ ಹೆನ್ರಿ ಎಂಬಾತ ಇದರ ಒಂದು ಯಶಸ್ವಿ ಮಾದರಿಗೆ ಹಕ್ಕುಪತ್ರ ಪಡೆದ. ಅಂಗಿ ತಯಾರಿಸಿ ಹಣ ಮಾಡಿದ್ದ ಆಲಿವರ್ ವಿಂಚೆಸ್ಟರ್ ಎಂಬ ವ್ಯಾಪಾರಿ ಅದಕ್ಕೆ ಬಂಡವಾಳ ಹೂಡಿದ. 1866, 1873, 1876, 1886, 1892, 1894 ಹೀಗೆ ಮಾದರಿಗಳು ಬರುತ್ತಲೇ ಹೋದವು. 1873ರ ಮಾದರಿಯೊಂದೇ 7 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಇಷ್ಟೊಂದು ಬಂದೂಕುಗಳು ಎಲ್ಲಿ ಹೋದವು? ಎಲ್ಲವೂ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಲಿಲ್ಲ. ಅಮೆರಿಕದಲ್ಲಿ ಎಷ್ಟೋ ಮನೆಗಳಲ್ಲಿ ಅವು ಅಜ್ಜನಿಂದ ಮೊಮ್ಮಗನಿಗೆ ಬಂದಿವೆ. 1980ರ ದಶಕದಿಂದೀಚೆಗೆ ಹಳೆಯ ಕಾಲದ ಟೋಪಿ, ಬೂಟು ತೊಟ್ಟು, ಹಳೆಯ ಮಾದರಿಯ ಬಂದೂಕುಗಳಿಂದಲೇ ಗುರಿ ಹೊಡೆಯುವ ಸ್ಪರ್ಧೆಗಳು ಅಲ್ಲಿ ಜನಪ್ರಿಯವಾಗಿವೆ. ಹಾಗಾಗಿ ನೂರು, ನೂರಿಪ್ಪತ್ತು ವರ್ಷದ ಬಂದೂಕಿಗೆ ಇವತ್ತಿನ ಅಂಗಡಿಯಲ್ಲಿ ಕೊಂಡ ತೋಟಾ ತುಂಬುವ ಕೆಲಸ ನಿಜವಾಗಿಯೂ ನಡೆಯುತ್ತದೆ. ತೋಟಾ ಸಿಡಿಯುವ ಜಾಗಕ್ಕೂ ಗುರಿ ಹಿಡಿದವನ ಕಣ್ಣಿಗೂ ನಡುವೆ ಇರುವ ಅಂತರ ಹೆಚ್ಚು ಕಡಿಮೆ ಒಂದು ಗೇಣು. ತಪ್ಪು ತೋಟಾ ಹಾಕಿದರೆ ಆ ಗೇಣಿನಾಚೆ ಉಕ್ಕು ಒಡೆಯುತ್ತದೆ. ತೆರೆಯ ಮೇಲೆ ಅರ್ಧ ನಿಮಿಷದಲ್ಲಿ ದಾಟಿಹೋಗುವ ಈ ವಿಷಯವನ್ನು ಪುಟದ ಮೇಲೆ ನಿಧಾನವಾಗಿ ಬಿಡಿಸಿ ನೋಡೋಣ. ಇದರಲ್ಲಿ ಇರುವುದೆಲ್ಲ ನೀವು ತರಗತಿಯಲ್ಲಿ ಓದುವ ವಿಜ್ಞಾನವೇ.

ಮೊದಲು ತೋಟಾದ ಹೆಸರು. ತೋಟಾ ಎಂದರೆ ನಾಲ್ಕು ವಸ್ತುಗಳ ಒಂದು ಕಟ್ಟು: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. 1873ರ ವಿಂಚೆಸ್ಟರ್‌ನ ಪ್ರಸಿದ್ಧ ತೋಟಾಕ್ಕೆ .44-40 ಎಂದು ಹೆಸರು. ಮೊದಲ ಸಂಖ್ಯೆ ಗುಂಡಿನ ಸ್ಥೂಲ ವ್ಯಾಸ, ಅಂಗುಲದ ನೂರನೇ ಭಾಗಗಳಲ್ಲಿ. ಎರಡನೆಯದು ಒಳಗಿರುವ ಮದ್ದಿನ ತೂಕ, 40 ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್. ಅಂದರೆ 40 ಗ್ರೇನ್ ಎಂದರೆ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. .45-70 ಎಂಬುದನ್ನೂ ಹೀಗೇ ಓದಬೇಕು. .30-30 ಎಂಬುದನ್ನೂ ಹೀಗೇ ಓದಬಹುದು, ಆದರೆ ಗುಟ್ಟು ಅಲ್ಲೇ ಇದೆ. .44-40ರ 40 ಕರಿಮದ್ದು. .30-30ರ 30 ಹೊಗೆರಹಿತ ಮದ್ದು. ಬರೆಯುವ ರೀತಿ ಒಂದೇ, ಜಾತಕ ಪೂರಾ ಬೇರೆ.

ಕರಿಮದ್ದು ನಮಗೆ ಹೊಸದೇನಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಮಲೆನಾಡಿನ ಕೇಪಿನ ಕೋವಿಗಳಿಗೆ ತುಂಬುತ್ತಿದ್ದದ್ದು ಇದನ್ನೇ. ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನ ರೂಪದಲ್ಲೇ ಉಳಿಯುತ್ತದೆ. ಆ ದಟ್ಟ ಹೊಗೆ, ನಳಿಗೆಯೊಳಗಿನ ಆ ಮಸಿ ಎಲ್ಲ ಅದೇ. ಹೊಗೆರಹಿತ ಮದ್ದು ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞ 1884ರಲ್ಲಿ ರೂಪಿಸಿದ್ದು. ಅದರ ಮೂಲ ನೈಟ್ರೋಸೆಲ್ಯುಲೋಸ್, ಅಂದರೆ ನೈಟ್ರಿಕ್ ಆಮ್ಲದ ಸಂಸ್ಕಾರ ಪಡೆದ ಹತ್ತಿಯಂಥ ನಾರು. ಅದು ಬಹುಮಟ್ಟಿಗೆ ಪೂರ್ತಿ ಅನಿಲವಾಗಿಬಿಡುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅದರಲ್ಲಿರುವ ಶಕ್ತಿಯೂ ಕರಿಮದ್ದಿಗಿಂತ ಬಹಳ ಹೆಚ್ಚು.

ಆದರೆ ನಮಗೆ ಮುಖ್ಯವಾದ ವ್ಯತ್ಯಾಸ ಶಕ್ತಿಯದ್ದಲ್ಲ, ಸ್ವಭಾವದ್ದು. ಬಯಲಿನಲ್ಲಿ ಕರಿಮದ್ದಿಗೆ ಕಿಡಿ ತಾಗಿದರೆ ಭಗ್ಗನೆ ಹತ್ತಿ ಮುಗಿದುಹೋಗುತ್ತದೆ. ಮುಚ್ಚಿದ ಜಾಗದಲ್ಲೂ ಅದು ಉರಿಯುವ ವೇಗ ಒತ್ತಡದೊಂದಿಗೆ ಅಷ್ಟಾಗಿ ಏರುವುದಿಲ್ಲ. ಹೊಗೆರಹಿತ ಮದ್ದು ಹಾಗಲ್ಲ. ಬಯಲಿನಲ್ಲಿ ಅದು ಹೆಚ್ಚು ಸದ್ದು ಮಾಡದೆ ಹಳದಿ ಜ್ವಾಲೆಯಾಗಿ ಉರಿಯುತ್ತದೆ. ನೋಡಿದವರು ‘ಅಯ್ಯೋ, ಇದೇ ಮೆತ್ತಗಿದೆಯಲ್ಲ’ ಅಂದುಕೊಳ್ಳಬೇಕು. ಅದನ್ನು ಚಿಪ್ಪಿನೊಳಗೆ ಬಂಧಿಸಿದಾಗ ಕತೆ ಬದಲಾಗುತ್ತದೆ. ಒತ್ತಡ ಏರಿದಂತೆ ಉರಿಯುವ ವೇಗ ಏರುತ್ತದೆ, ವೇಗ ಏರಿದಂತೆ ಒತ್ತಡ ಮತ್ತೆ ಏರುತ್ತದೆ. ಇಳಿಜಾರಿನಲ್ಲಿ ಬ್ರೇಕಿಲ್ಲದ ಗಾಡಿಯ ಹಾಗೆ. ಗುಂಡು ಮುಂದಕ್ಕೆ ಓಡಿ ಜಾಗ ಬಿಟ್ಟುಕೊಡುವುದರಿಂದ ಆ ಏರಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದು ಮದ್ದಿನ ಜಾತಿ, ಪ್ರಮಾಣ, ಗುಂಡಿನ ತೂಕ, ಅದು ನಳಿಗೆಯಲ್ಲಿ ಎಷ್ಟು ಬಿಗಿ ಎಂಬ ಎಲ್ಲವನ್ನೂ ಅವಲಂಬಿಸಿದೆ.

ಇನ್ನೊಂದು ಸ್ವಾರಸ್ಯವಿದೆ. ಕರಿಮದ್ದಿನ ಕಾಲದಲ್ಲಿ ಚಿಪ್ಪಿನ ಗಾತ್ರವೇ ಒಬ್ಬ ಕಾವಲುಗಾರನಾಗಿತ್ತು. ಚಿಪ್ಪನ್ನು ಪೂರ್ತಿ ತುಂಬಬೇಕು, ಮದ್ದು ಮತ್ತು ಗುಂಡಿನ ನಡುವೆ ಗಾಳಿಗೆ ಜಾಗ ಬಿಡಬಾರದು ಎಂಬುದು ನಿಯಮ. ತುಂಬಿದ ಮೇಲೆ ಇನ್ನೂ ಹಾಕೋಣ ಎಂದರೆ ಜಾಗವೇ ಇಲ್ಲ. ಅದೇ ಚಿಪ್ಪಿಗೆ ಹೊಗೆರಹಿತ ಮದ್ದು ಹಾಕುವಾಗ ಬೇಕಾದ ಪ್ರಮಾಣ ತಳದಲ್ಲಿ ಸ್ವಲ್ಪ ಕಾಣುತ್ತದೆ ಅಷ್ಟೇ. ಮನೆಯಲ್ಲಿ ತೋಟಾ ತುಂಬಿಕೊಳ್ಳುವವನು ಯಾವುದೋ ಯೋಚನೆಯಲ್ಲಿ ಎರಡು ಸಲ ಸುರಿದರೂ ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಆ ತೋಟಾಕ್ಕೂ ಪಕ್ಕದ ತೋಟಾಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಳೆಯ ಬಂದೂಕುಗಳು ಒಡೆದ ಪ್ರಸಂಗಗಳಲ್ಲಿ ಮನೆಯಲ್ಲಿ ತುಂಬಿದ ತೋಟಾದ ಮೇಲೆ ಮೊದಲ ಅನುಮಾನ ಬೀಳುವುದು ಈ ಕಾರಣಕ್ಕೆ. ಬೇರೊಬ್ಬರು ಮನೆಯಲ್ಲಿ ತುಂಬಿಕೊಟ್ಟ ತೋಟಾವನ್ನು ಹಳೆಯ ರೈಫಲ್ಲಿಗೆ ಹಾಕಲೇಬಾರದು ಎಂದು ಬಲ್ಲವರು ಹೇಳುವುದೂ ಇದಕ್ಕೇ. ಸ್ನೇಹಿತನಾದರೂ ಸರಿ.

ಈಗ ಆ ಒತ್ತಡವನ್ನು ಯಾರು ತಡೆಯಬೇಕು ಎಂದು ನೋಡೋಣ. ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ಬಲದಿಂದ ತೋಟಾದ ಬುಡ ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್‌ನ ಮೂರನೆಯ ನಿಯಮ. ಹಿಂದೆ ಬಾಗಿಲಿನಂತೆ ಅಡ್ಡ ನಿಂತಿರುವ ಉಕ್ಕಿನ ತುಂಡಿಗೆ ಬೋಲ್ಟ್ ಎನ್ನುತ್ತಾರೆ. ಆ ಬಾಗಿಲಿಗೆ ಅಗುಳಿ ಯಾವುದು?

ಹೆನ್ರಿಯಿಂದ 1876ರ ಮಾದರಿಯವರೆಗೆ ಅಗುಳಿಯ ಕೆಲಸ ಮಾಡಿದ್ದು ಮೊಣಕಾಲಿನಂಥ ಒಂದು ಕೀಲು. ನೀವೇ ಎದ್ದು ನಿಂತು ನೋಡಿ. ಮೊಣಕಾಲು ನೇರವಾಗಿದ್ದರೆ ಹೆಗಲ ಮೇಲೆ ಮೂಟೆ ಇಟ್ಟರೂ ತಡೆಯುತ್ತದೆ, ಸ್ವಲ್ಪ ಬಾಗಿದ್ದರೆ ಕುಸಿಯುತ್ತದೆ. ಲಿವರ್ ಮುಚ್ಚಿದಾಗ ಆ ಕೊಂಡಿಗಳು ಒಂದೇ ಸರಳರೇಖೆಗೆ ಬಂದು ನಿಲ್ಲುತ್ತವೆ. ಚೆಂದದ ಉಪಾಯ, ಆಡಿಸಲು ರೇಷ್ಮೆಯಷ್ಟು ನಯ. ಆದರೆ ಭಾರವೆಲ್ಲ ಬೀಳುವುದು ಕೆಲವು ಸಣ್ಣ ಕೀಲುಗಳ ಮೇಲೆ, ತೆಳು ಕೊಂಡಿಗಳ ಮೇಲೆ. ನೂರು ವರ್ಷ ಸವೆದ ಮೇಲೆ ಮೊಣಕಾಲು ಪೂರ್ತಿ ನೆಟ್ಟಗಾಗದೆಯೂ ಇರಬಹುದು. 1886 ಮತ್ತು 1892ರ ಮಾದರಿಗಳನ್ನು ರೂಪಿಸಿದ ಜಾನ್ ಬ್ರೌನಿಂಗ್ ಈ ಕೀಲಿನ ಉಪಾಯವನ್ನೇ ಕೈಬಿಟ್ಟ. ಬೋಲ್ಟಿನ ಎರಡೂ ಬದಿಗೆ ಗಟ್ಟಿ ಉಕ್ಕಿನ ತುಂಡುಗಳು ಕೆಳಗಿನಿಂದ ಮೇಲೆದ್ದು ಅದನ್ನು ಚೌಕಟ್ಟಿಗೇ ಬಂಧಿಸುವಂತೆ ಮಾಡಿದ. ಹಳ್ಳಿಮನೆಯ ಬಾಗಿಲಿಗೆ ಅಡ್ಡ ತೂರಿಸುವ ಮರದ ಅಗುಳಿಯನ್ನು ನಿಲ್ಲಿಸಿ ಕಲ್ಪಿಸಿಕೊಳ್ಳಿ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಬಂದೂಕು ಮತ್ತು ತೋಟಾ ತಯಾರಕರು 1926ರಲ್ಲಿ ಒಂದು ಸಂಸ್ಥೆ ಕಟ್ಟಿಕೊಂಡರು; ಪ್ರತಿ ತೋಟಾಕ್ಕೂ ಗರಿಷ್ಠ ಒತ್ತಡದ ಮಿತಿಯನ್ನು ಅದು ಗೊತ್ತುಮಾಡುತ್ತದೆ. .44-40ರ ಮಿತಿ ಚದರ ಅಂಗುಲಕ್ಕೆ 11,000 ಪೌಂಡ್. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ಕೂಗುವುದು ಸುಮಾರು 15 ಪೌಂಡಿಗೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಚಿಪ್ಪಿನ ಒಳವ್ಯಾಸ 0.43 ಅಂಗುಲ ಎಂದಿಟ್ಟುಕೊಂಡರೆ ವಿಸ್ತೀರ್ಣ 0.145 ಚದರ ಅಂಗುಲ. ಗುಣಿಸಿದರೆ ಸುಮಾರು 1,600 ಪೌಂಡ್, ಅಂದರೆ 700 ಕಿಲೋಗೂ ಮೇಲೆ. ಹಿಂದಿನ ಮಾರುತಿ 800 ಕಾರೊಂದರ ತೂಕ ಒಂದು ಕ್ಷಣ ಆ ಕೊಂಡಿಗಳ ಮೇಲೆ ಕುಳಿತಂತೆ. ಇನ್ನು 1950ರ ದಶಕದಲ್ಲಿ ಬಂದ .44 ಮ್ಯಾಗ್ನಮ್ ತೋಟಾದ ಮಿತಿ 36,000 ಪೌಂಡ್. ಅದೇ ವಿಸ್ತೀರ್ಣಕ್ಕೆ ಲೆಕ್ಕ ಹಾಕಿ: 2,300 ಕಿಲೋ ದಾಟುತ್ತದೆ. ಒಂದರ ಬದಲು ಮೂರು ಕಾರು! ಚಿಪ್ಪು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಸ್ವಲ್ಪ ಭಾರ ಹೊರುವುದು ನಿಜ. ಗೋಡೆಗೆ ಎಣ್ಣೆ ಹತ್ತಿದ್ದರೆ ಆ ಸಹಾಯವೂ ತಗ್ಗುತ್ತದೆ. ಕಳೆದ ಶತಮಾನದಲ್ಲಿ ಕೆಲವರು ಹಳೆಯ 1892ರ ರೈಫಲ್ಲುಗಳ ನಳಿಗೆ ಬದಲಿಸಿ .44 ಮ್ಯಾಗ್ನಮ್‌ಗೆ ಒಗ್ಗಿಸಿದ್ದುಂಟು. ಬ್ರೌನಿಂಗ್‌ನ ಅಗುಳಿ ಗಟ್ಟಿಯೇ. ಆದರೂ ಅಜ್ಜನ ಬೆನ್ನ ಮೇಲೆ ಮೂರು ಮೂಟೆ ಹೊರಿಸುವ ಆ ಸಾಹಸ ನನಗೆ ಒಪ್ಪಿಗೆಯಾಗುವುದಿಲ್ಲ.

ಒತ್ತಡದ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಹಿಂದೆ ಒತ್ತಡ ಅಳೆಯಲು ತಾಮ್ರದ ಪುಟ್ಟ ಉರುಳೆಯೊಂದನ್ನು ಇಟ್ಟು, ಗುಂಡು ಹಾರಿದ ಮೇಲೆ ಅದು ಎಷ್ಟು ಕುಗ್ಗಿತು ಎಂದು ನೋಡುತ್ತಿದ್ದರು. ಈಗ ಒತ್ತಿದಾಗ ವಿದ್ಯುತ್ ಹುಟ್ಟಿಸುವ ಹರಳಿನ ಸಾಧನ ಬಳಸುತ್ತಾರೆ. ಎರಡರ ಅಂಕಿಗಳೂ ಬೇರೆ. .44-40ರ ಮಿತಿಯನ್ನೇ ತೆಗೆದುಕೊಂಡರೆ ಹರಳಿನ ಲೆಕ್ಕದಲ್ಲಿ 11,000, ತಾಮ್ರದ ಲೆಕ್ಕದಲ್ಲಿ 13,000. ಸೇರಿನ ಲೆಕ್ಕ, ಕಿಲೋ ಲೆಕ್ಕ ಬೆರೆಸಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

‘ತೋಟಾ ಗೂಡಿನಲ್ಲಿ ಕೂತಿತು, ಲಿವರ್ ಮುಚ್ಚಿತು, ಅಂದಮೇಲೆ ಸರಿಯಾದ ತೋಟಾವೇ’ ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯಕಾರಿ. .38-55 ಎಂಬ ಕರಿಮದ್ದಿನ ಕಾಲದ ತೋಟಾ ಇದೆ. 1978ರಲ್ಲಿ ವಿಂಚೆಸ್ಟರ್ ಕಂಪನಿ .375 ವಿಂಚೆಸ್ಟರ್ ಎಂಬ ಹೊಸ ತೋಟಾ ತಂದಿತು. ಆಕಾರದಲ್ಲಿ ಅದು ಹೆಚ್ಚು ಕಡಿಮೆ .38-55ನ್ನೇ ಸ್ವಲ್ಪ ಗಿಡ್ಡ ಮಾಡಿದಂತೆ. ಹಳೆಯ .38-55 ರೈಫಲ್ಲಿನ ಗೂಡಿಗೆ ಅದು ಸಲೀಸಾಗಿ ಇಳಿಯುತ್ತದೆ. ಆದರೆ ತಾಮ್ರದ ಲೆಕ್ಕದಲ್ಲಿ .38-55ರ ಮಿತಿ 30,000 ಆದರೆ .375ರದ್ದು 52,000. ಹೆಸರಿನಲ್ಲಿ ಎಚ್ಚರಿಕೆಯ ಸುಳಿವೂ ಇಲ್ಲ.

ಹೆಸರು ಒಂದೇ ಆಗಿದ್ದರೂ ಒಳಗಿನ ಬಲ ಬೇರೆ ಇರುವುದುಂಟು. .45-70 ತೋಟಾ 1873ರಲ್ಲಿ ಅಮೆರಿಕದ ಸೇನೆಗಾಗಿ ಹುಟ್ಟಿತು. ಇಂದಿನ ಗಟ್ಟಿ ಉಕ್ಕಿನ ರೈಫಲ್ಲುಗಳಿಗೆಂದೇ ಅದೇ ಹೆಸರಿನ ಅತಿ ಬಲದ ತೋಟಾಗಳನ್ನು ಕೆಲವರು ಮಾಡುತ್ತಾರೆ. ಡಬ್ಬಿಯ ಮೇಲೆ ‘ಆಧುನಿಕ ರೈಫಲ್ಲುಗಳಿಗೆ ಮಾತ್ರ’ ಎಂದು ಬರೆದಿರುತ್ತದೆ. ಸಾಲದು ಎಂಬಂತೆ ಮಾರ್ಲಿನ್ ಕಂಪನಿ 1895ರಲ್ಲಿ ತಂದ ಮಾದರಿಯ ಹೆಸರನ್ನೇ 1972ರಲ್ಲಿ ಹೊಸ ರೈಫಲ್ಲೊಂದಕ್ಕೆ ಇಟ್ಟಿತು. ‘ಮಾರ್ಲಿನ್ 1895ಕ್ಕೆ ಸೂಕ್ತ’ ಎಂದು ಓದಿದವನು ತನ್ನ ಮುತ್ತಜ್ಜನ 1895ಕ್ಕೆ ಅದನ್ನು ತುಂಬಿದರೆ ಗತಿ? ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೂ ಹೀಗಿತ್ತು. 1892ರ ಮಾದರಿಗೆಂದು ಅತಿವೇಗದ .44-40 ತೋಟಾ ಮಾರುತ್ತಿದ್ದರು, 1873ರ ಮಾದರಿಗೆ ಬಳಸಬೇಡಿ ಎಂದು ಡಬ್ಬಿಯ ಮೇಲೆ ಮುದ್ರಿಸುತ್ತಿದ್ದರು. ಡಬ್ಬಿ ಕಳೆದುಹೋಗಿ ತೋಟಾ ಮಾತ್ರ ಉಳಿದರೆ ಎಚ್ಚರಿಕೆಯೂ ಡಬ್ಬಿಯೊಂದಿಗೇ ಹೋಯಿತು.

ಇವುಗಳ ನಳಿಗೆಯ ಕೆಳಗೆ ಅಷ್ಟೇ ಉದ್ದದ ಇನ್ನೊಂದು ಕೊಳವೆ ಇರುವುದನ್ನು ನೀವು ಗಮನಿಸಿರಬಹುದು. ತೋಟಾಗಳು ಅದರೊಳಗೆ ರೈಲಿನ ಡಬ್ಬಿಗಳಂತೆ ಸಾಲಾಗಿ ಮಲಗಿರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿಕೊಂಡಿರುತ್ತದೆ. ಗುಂಡು ಚೂಪಾಗಿದ್ದರೆ? ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತದಲ್ಲಿ ಮೂತಿ ಮೊಳೆಯಂತೆ ಕೇಪನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಎಡಗೈ ಇರುವುದು ಸರಿಯಾಗಿ ಅಲ್ಲೇ. ಆದ್ದರಿಂದ ಕೊಳವೆಯ ರೈಫಲ್ಲಿಗೆ ಚಪ್ಪಟೆ ಮೂತಿಯ ಗುಂಡೇ ಆಗಬೇಕು. ಈ ಶತಮಾನದ ಮೊದಲ ದಶಕದಲ್ಲಿ ಮೆತ್ತನೆಯ ಪಾಲಿಮರ್ ತುದಿಯ ಚೂಪು ಗುಂಡುಗಳೂ ಬಂದವು. ಕೇಪಿನ ಮಟ್ಟಿಗೆ ಅವು ಸುರಕ್ಷಿತ. ಆದರೆ ಅವುಗಳ ಒತ್ತಡ ಇಂದಿನ ಬಂದೂಕುಗಳಿಗೆ ಹೊಂದಿಸಿದ್ದು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಂತಾಗಬಾರದು.

ಹಾಗಾದರೆ ಯಾವುದನ್ನು ಹಾಕಬೇಕು? ಮಾದರಿಯ ಹೆಸರು ನೋಡಿದರೆ ಸಾಲದು, ಆ ಬಂದೂಕು ತಯಾರಾದ ವರ್ಷ ಬೇಕು. 1894ರ ಮಾದರಿ 2006ರವರೆಗೂ ಅಮೆರಿಕದ ನ್ಯೂ ಹೇವನ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಮೈಮೇಲಿನ ಕ್ರಮಸಂಖ್ಯೆಯಿಂದ ವರ್ಷ ಗೊತ್ತಾಗುತ್ತದೆ. ಆ ಮಾದರಿ ಮೊದಲು ಬಂದದ್ದು ಕರಿಮದ್ದಿನ ತೋಟಾಗಳಿಗೆ. ಮರುವರ್ಷ, 1895ರಲ್ಲಿ, ಹೊಗೆರಹಿತ ಮದ್ದಿನ .30-30 ಬಂದಾಗ ಕಂಪನಿ ಅದಕ್ಕೆ ನಿಕಲ್ ಬೆರೆಸಿದ ಉಕ್ಕಿನ ನಳಿಗೆ ಕೊಟ್ಟಿತು. ಹಾಗೆಂದು ನಳಿಗೆಯ ಮೇಲೆ ಕೆತ್ತಿದ್ದೂ ಉಂಟು. ಅಂಥದ್ದು ಒಳ್ಳೆಯ ಸ್ಥಿತಿಯಲ್ಲಿದ್ದು ಪರೀಕ್ಷೆಯಲ್ಲಿ ಪಾಸಾದರೆ ಸಾಮಾನ್ಯ .30-30 ತೋಟಾ ಬಳಸುತ್ತಾರೆ. 1873ರಂಥ ಕೀಲಿನ ರೈಫಲ್ಲುಗಳ ವಿಷಯದಲ್ಲಿ ಬಲ್ಲವರಲ್ಲೇ ಎರಡು ಮತ. ಮೆತ್ತನೆಯ ಸೀಸದ ಗುಂಡು, ಕಡಿಮೆ ಒತ್ತಡದ ಹೊಗೆರಹಿತ ಕಾರ್ಖಾನೆ ತೋಟಾ ಆದೀತು ಎಂದು ಕೆಲವರು. ಹುಟ್ಟಿದ್ದು ಕರಿಮದ್ದಿಗೆ, ಬಾಳಬೇಕಾದದ್ದೂ ಕರಿಮದ್ದಿನಲ್ಲೇ ಎಂದು ಇನ್ನು ಕೆಲವರು. ನಾನು ಎರಡನೆಯವರ ಕಡೆ. ತಾಮ್ರದ ಕವಚದ ಗುಂಡಂತೂ ಬೇಡ. ಆ ಕಾಲದ ಮೆದು ನಳಿಗೆಯನ್ನು ಅದು ಬೇಗ ಸವೆಸುತ್ತದೆ. 1860ರ ಹೆನ್ರಿ ಮತ್ತು 1866ರ ಮಾದರಿಗಳಿಗೆ ಬಳಸುತ್ತಿದ್ದ .44 ಹೆನ್ರಿ ತೋಟಾ 1930ರ ದಶಕದಲ್ಲೇ ನಿಂತುಹೋಯಿತು. ಅವುಗಳನ್ನು ಗೋಡೆಯ ಮೇಲೆ ಬಿಟ್ಟು, ಗುರಿ ಹೊಡೆಯುವ ಆಸೆಯಿದ್ದರೆ ಇಂದಿನ ಉಕ್ಕಿನಲ್ಲಿ ಇಟಲಿಯವರು ಮಾಡುವ ಪ್ರತಿಕೃತಿಗಳನ್ನು ಕೊಳ್ಳುವುದೇ ವಿವೇಕ.

ನಳಿಗೆಯ ಮೇಲೆ ಕೆತ್ತಿದ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ನೂರು ವರ್ಷದಲ್ಲಿ ಯಾರೋ ಗೂಡನ್ನು ಕೊರೆದು ಬೇರೆ ತೋಟಾಕ್ಕೆ ಬದಲಿಸಿರಬಹುದು. ಅದಕ್ಕೆ ಬಂದೂಕು ರಿಪೇರಿಯವರು ಸುಂದರವಾದ ಒಂದು ಕೆಲಸ ಮಾಡುತ್ತಾರೆ. ಕುದಿಯುವ ನೀರಿಗಿಂತ ಕಡಿಮೆ ಉಷ್ಣತೆಯಲ್ಲೇ ಕರಗುವ ಬಿಸ್ಮತ್ ಮಿಶ್ರಲೋಹವನ್ನು ಗೂಡಿಗೆ ಸುರಿದು, ಗಟ್ಟಿಯಾದ ಮೇಲೆ ಅಚ್ಚು ಹೊರತೆಗೆದು ಅಳೆಯುತ್ತಾರೆ. ನಳಿಗೆಗೆ ಮೆದು ಸೀಸದ ಗುಂಡೊಂದನ್ನು ತೂರಿಸಿ ಅದರ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ ನೋಡುತ್ತಾರೆ. ಬೋಲ್ಟ್ ಮುಚ್ಚಿದಾಗ ತೋಟಾದ ಬುಡದ ಹಿಂದೆ ಎಷ್ಟು ಸಡಿಲವಿದೆ ಎಂಬುದಕ್ಕೂ ಅಳತೆಯ ಬಿಲ್ಲೆಗಳಿವೆ. ಸಡಿಲ ಹೆಚ್ಚಾದರೆ ಚಿಪ್ಪು ಎಳೆದುಕೊಂಡು ಬುಡದ ಬಳಿ ಹರಿಯುತ್ತದೆ, ಬಿಸಿ ಅನಿಲ ಹಿಂದಕ್ಕೆ ಮುಖದ ಕಡೆ ನುಗ್ಗುತ್ತದೆ. ಇಷ್ಟೂ ಆಗುವವರೆಗೆ ಯಾವ ತೋಟಾವೂ ಸುರಕ್ಷಿತವಲ್ಲ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಹೆಸರು ಹೇಳುತ್ತೇನೆ: ಕೆನೆತ್ ಆಂಡರ್ಸನ್. ಬೆಂಗಳೂರಿನಲ್ಲಿ ಬಾಳಿದ, ನರಭಕ್ಷಕ ಹುಲಿ ಚಿರತೆಗಳ ಕತೆ ಬರೆದ, ಪೂರ್ಣಚಂದ್ರ ತೇಜಸ್ವಿಯವರ ಕನ್ನಡದ ಮೂಲಕ ನಿಮ್ಮಲ್ಲಿ ಅನೇಕರಿಗೆ ಪರಿಚಿತನಾದ ಆಂಡರ್ಸನ್. ಅವನ ಕೈಯಲ್ಲಿದ್ದ .405 ವಿಂಚೆಸ್ಟರ್ ಕೂಡ ಲಿವರ್ ಆಕ್ಷನ್ನೇ, 1895ರ ಮಾದರಿ. ಆದರೆ ಅದಕ್ಕೆ ಕೊಳವೆ ಇಲ್ಲ. ತೋಟಾಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂರುವುದರಿಂದ ಮೂತಿಯ ಭಯವಿಲ್ಲ. 1904ರಲ್ಲಿ ಬಂದ ಆ ತೋಟಾ ಹುಟ್ಟಿನಿಂದಲೇ ಹೊಗೆರಹಿತ ಮದ್ದಿನದು. 1909ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಕ್ಕೆ ಒಯ್ದದ್ದೂ ಇದನ್ನೇ. 1873ಕ್ಕೂ ಇದಕ್ಕೂ ಕುಣಿಕೆಯೊಂದೇ ಸಾಮಾನ್ಯ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಬೇಟೆಯ ಕಾಲ ಮುಗಿಯಿತು. ಆದರೂ ಹಳೆಯ ಎಸ್ಟೇಟ್ ಬಂಗಲೆಗಳ, ದೊಡ್ಡ ಮನೆಗಳ ಅಟ್ಟದ ಪೆಟ್ಟಿಗೆಯಲ್ಲಿ ಹಸಿರುಗಟ್ಟಿದ ನಾಲ್ಕಾರು ತೋಟಾ ಸಿಗುವುದುಂಟು. ಹಳೆಯ ಕೇಪುಗಳಲ್ಲಿ ಪಾದರಸದ ಸಂಯುಕ್ತ ಬಳಸುತ್ತಿದ್ದರು. ಅಂಥ ತೋಟಾ ಒಂದೊಂದು ಸಲ ಕುದುರೆ ಎಳೆದ ತಕ್ಷಣ ಹಾರದೆ ತಡವಾಗಿ ಹಾರುತ್ತದೆ. ಸಿಡಿದ ಮೇಲೆ ಪಾದರಸ ಹಿತ್ತಾಳೆಯೊಂದಿಗೆ ಬೆರೆತು ಚಿಪ್ಪನ್ನು ಪಿಂಗಾಣಿಯಂತೆ ಪೆಡಸಾಗಿಸುತ್ತದೆ. ಕಲ್ಲಿನಿಂದ ಕುಟ್ಟುವುದು, ಒಲೆಗೆ ಹಾಕುವುದು, ಚಿಪ್ಪು ಬಿಚ್ಚಿ ಮದ್ದು ನೋಡುವುದು, ಯಾವುದನ್ನೂ ಮಾಡಬೇಡಿ. ಪರವಾನಗಿ ಇಲ್ಲದೆ ತೋಟಾ ಇಟ್ಟುಕೊಳ್ಳುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಇದ್ದಲ್ಲೇ ಬಿಟ್ಟು ಮನೆಯ ಹಿರಿಯರಿಗೆ ತಿಳಿಸಿ. ಅವರು ಪೊಲೀಸ್ ಠಾಣೆಗೆ ಹೇಳಿದರೆ ಅಲ್ಲಿಂದ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.